ಸೀಟಿನ ಹಿಂದಿನ ಅರ್ಧ

ಬೈಕಿನ ಚಾಸಿಯ ಮೇಲೆ ಸೀಮೆಸುಣ್ಣದ ಗೆರೆ ಎಳೆದಾಗಿತ್ತು. ಗೆರೆಗಿಂತ ಮುಂದಿರುವುದು ಉಳಿಯಬೇಕು, ಹಿಂದಿರುವುದು ಹೋಗಬೇಕು. ಕಾಮಾಕ್ಷಿಪಾಳ್ಯದ ಶೆಡ್ಡಿನಲ್ಲಿ ಕಿಟಕಿ ಗ್ರಿಲ್ಲು, ಗೇಟು ಮಾಡುವ ನನ್ನ ಗೆಳೆಯ ಕಬ್ಬಿಣ ಕುಯ್ಯುವ ಗ್ರೈಂಡರ್ ಕೈಗೆತ್ತಿಕೊಂಡು, ಕನ್ನಡಕ ಹಾಕಿಕೊಂಡು, ನನ್ನ ಮುಖ ನೋಡುತ್ತಿದ್ದ.

“ಹೇಳು ಗುರು. ಕುಯ್ಯಲಾ?”

“ತಡಿ.”

“ಹೋದ್ ವಾರಾನೂ ತಡಿ ಅಂದೆ. ಅದ್ರ ಹಿಂದಿನ ವಾರಾನೂ ತಡಿ ಅಂದೆ. ಬೈಕ್ ಮಾಡ್ತಿದೀಯೋ ಹೆಣ್ಣು ನೋಡ್ತಿದೀಯೋ?”

“ಅಮ್ಮ ಏನೋ ಹೇಳ್ಬೇಕಂತೆ. ಹೇಳಿದ್ಮೇಲೆ ಕುಯ್ಯೋಣ.”

ಅವನು ಕನ್ನಡಕ ತೆಗೆದು ಹಣೆಗೇರಿಸಿ, ಗ್ರೈಂಡರನ್ನು ಬೆಂಚಿನ ಮೇಲಿಟ್ಟ. “ಆಯುಧಪೂಜೆ ಹತ್ರ ಬಂತು ಮಗಾ. ಹಬ್ಬದ ದಿನ ಅರ್ಧ ಗಾಡಿಗೆ ಹಾರ ಹಾಕ್ತೀಯಾ?”

ಬೈಕು ಅಪ್ಪನದು. ಎರಡು ಸೈಲೆನ್ಸರಿನದು, ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕಾದ ಕಾಲದ್ದು. ಅಪ್ಪ ತೀರಿಕೊಂಡ ಮೇಲೆ ಅದು ಅಮ್ಮನ ಹೆಸರಿಗಾಯಿತು. ಆರ್‌ಪಿಸಿ ಲೇಔಟಿನ ನಮ್ಮ ಮನೆಯ ಮೆಟ್ಟಿಲ ಕೆಳಗೆ, ಹಳೆಯ ಸೊಳ್ಳೆಪರದೆ ಹೊದ್ದುಕೊಂಡು, ಗಾಳಿಯಿಲ್ಲದ ಟೈರುಗಳನ್ನು ನೆಲಕ್ಕೆ ಅಂಟಿಸಿಕೊಂಡು ವರ್ಷಗಟ್ಟಲೆ ನಿಂತಿತ್ತು. ಅದನ್ನು ಕೆಫೆ ರೇಸರ್ ಮಾಡಬೇಕೆಂದು ನನಗೆ ಹೇಗೆ ಹೊಳೆಯಿತು ಎನ್ನುವುದಕ್ಕೆ ನನ್ನ ಬಳಿ ಒಂದು ಚೆಂದದ ಕತೆ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಹೇಳಿ ಹೇಳಿ ಅದು ನಯವಾಗಿಬಿಟ್ಟಿದೆ; ಅಷ್ಟು ನಯವಾದ ಮೇಲೆ ಅದರಲ್ಲಿ ನಿಜ ಎಷ್ಟು ಉಳಿದಿದೆಯೋ ಗೊತ್ತಿಲ್ಲ. ಗೊತ್ತಿರುವುದಿಷ್ಟು: ನನಗೆ ಸುಮ್ಮನೆ ಕೂರಲು ಬರುವುದಿಲ್ಲ. ನನ್ನ ಕೆಲಸ ರಟ್ಟಿನ ಡಬ್ಬಗಳ ವಿನ್ಯಾಸ. ದಿನವಿಡೀ ಪರದೆಯ ಮೇಲೆ ಮಡಿಸುವ ಗೆರೆ, ಕತ್ತರಿಸುವ ಗೆರೆ. ಸಂಜೆಯಾದರೆ ಕೈಗಳು ಏನಾದರೂ ಬಿಚ್ಚಲು ಹುಡುಕುತ್ತವೆ. ಮನೆಯಲ್ಲಿ ಮಿಕ್ಸಿ ಬಿಚ್ಚಿ ಬೈಸಿಕೊಂಡಾಗಿತ್ತು. ಉಳಿದದ್ದು ಮೆಟ್ಟಿಲ ಕೆಳಗಿನದು.

ಕೆಫೆ ರೇಸರ್ ಎನ್ನುವುದು ದೂರದ ದೇಶದ ಹಳೆಯ ಹುಚ್ಚು. ಇಂಗ್ಲೆಂಡಿನ ಹುಡುಗರು ಒಂದು ಕೆಫೆಯಿಂದ ಇನ್ನೊಂದು ಕೆಫೆಗೆ ಪಂದ್ಯ ಕಟ್ಟಿ ಓಡಿಸಲು ತಮ್ಮ ಬೈಕುಗಳಿಂದ ಬೇಡದ್ದನ್ನೆಲ್ಲ ಕಿತ್ತೆಸೆಯುತ್ತಿದ್ದರಂತೆ. ಹ್ಯಾಂಡಲ್ಲು ಕೆಳಗಿಳಿಯುತ್ತದೆ, ಫುಟ್‌ರೆಸ್ಟು ಹಿಂದೆ ಸರಿಯುತ್ತದೆ, ಓಡಿಸುವವನ ಹೊಟ್ಟೆ ಟ್ಯಾಂಕಿಗೆ ತಾಗುತ್ತದೆ. ಸೀಟು ಒಬ್ಬರಿಗಷ್ಟೇ. ಸೀಟಿನ ಹಿಂದೆ ಒಂದು ಪುಟ್ಟ ಗೂನು, ಅಲ್ಲಿಗೆ ಬೈಕು ಮುಗಿಯಿತು.

ನಮ್ಮ ರಾಜಾಜಿನಗರ, ವಿಜಯನಗರಗಳಿಗೆ ಅಂಥ ಕಾಲ ಬಂದೇ ಇರಲಿಲ್ಲ. ನಮ್ಮ ಅಪ್ಪಂದಿರು ಅದೇ ಬೈಕುಗಳ ಮೇಲೆ ಹೆಂಡತಿ, ಮಕ್ಕಳು, ಗ್ಯಾಸ್ ಸಿಲಿಂಡರು, ದೀಪಾವಳಿಗೆ ಒಂದು ಬಾಳೆಗೊನೆ ಹೇರಿಕೊಂಡು ಹೋದವರು. ಹಾಗಾಗಿ ನಾವು ಕಟ್ಟುವುದು ಹಳೆಯ ಬೈಕನ್ನಲ್ಲ, ಇಲ್ಲಿ ಎಂದೂ ನಡೆಯದ ಒಂದು ಹಳೆಯ ಕಾಲವನ್ನು. ಇದು ನನಗೆ ಗೊತ್ತು. ಗೊತ್ತಿದ್ದೂ ಅಂಥ ಬೈಕು ಎದುರಿಗೆ ಬಂದರೆ ಎದೆ ಹಾರುತ್ತದೆ. ಟ್ಯಾಂಕಿನ ತಳದಿಂದ ಸೀಟಿನ ತುದಿಯವರೆಗೆ ಒಂದೇ ನೇರ ಗೆರೆ ಇರಬೇಕು. ಆ ಗೆರೆ ಒಂದು ಬೆರಳು ಬಾಗಿದರೂ ಬೈಕು ಮಂಕಾಗುತ್ತದೆ, ಸರಿಯಾಗಿ ಕೂತರೆ ನಿಂತಿರುವಾಗಲೇ ಓಡುತ್ತಿರುವಂತೆ ಕಾಣುತ್ತದೆ. ಭಾನುವಾರ ಬೆಳಗ್ಗೆ ಮೈಸೂರು ರಸ್ತೆಯ ಕಡೆ ಹೋಗುವ ಅಂಥ ಬೈಕುಗಳನ್ನು ನೋಡಲೆಂದೇ ನಾನೂ ಗೆಳೆಯನೂ ನಾಯಂಡಹಳ್ಳಿಯ ಬಳಿ ನಿಲ್ಲುತ್ತಿದ್ದೆವು. ಅವನು ಗ್ರಿಲ್ಲು ಅಳೆಯುವ ಕಣ್ಣಿನಿಂದ ನೋಡಿ, “ಆ ಸೀಟು ಹಿಂದಕ್ಕೆ ಬಿದ್ದಿದೆ,” ಎನ್ನುತ್ತಿದ್ದ. ಇಲ್ಲವೇ ನನ್ನನ್ನು ರೇಗಿಸುತ್ತಿದ್ದ. “ನೀನು ಯಾವ ಕೆಫೆಗೆ ರೇಸ್ ಹೋಗ್ತೀಯ ಮಗಾ? ದರ್ಶಿನಿಗಾ? ಫಸ್ಟ್ ಬಂದೋನಿಗೆ ಇಡ್ಲಿ, ಸೆಕೆಂಡ್ ಬಂದೋನಿಗೆ ಬರೀ ಚಟ್ನಿ!”

ಇಲ್ಲಿ ಇಂಥ ಬೈಕು ಕಟ್ಟುವವರು ಮೊದಲು ಬಿಚ್ಚುವುದು ಸಾರಿ ಗಾರ್ಡನ್ನು. ಹಿಂದಿನ ಚಕ್ರಕ್ಕೆ ಸೀರೆ ಸಿಕ್ಕಿಕೊಳ್ಳದಿರಲೆಂದು ಎಡಗಡೆ ಹಾಕುವ ಆ ಕಬ್ಬಿಣದ ಜಾಲರಿ, ಅದರ ಜೊತೆಗೇ ಹೆಂಗಸರು ಎರಡೂ ಪಾದ ಇಡುವ ಅಗಲದ ಫುಟ್‌ರೆಸ್ಟು. ಗೆಳೆಯನ ಶೆಡ್ಡಿನ ಗೋಡೆಯ ಮೊಳೆಯೊಂದಕ್ಕೆ ಅಂಥ ಜಾಲರಿಗಳು ಒಂದರ ಮೇಲೊಂದು ನೇತಾಡುತ್ತಿದ್ದವು. ನಮ್ಮದೂ ಅಲ್ಲಿಗೆ ಸೇರಿತು. ಬಿಚ್ಚಿದ ದಿನ ನನಗೆ ಏನೂ ಅನ್ನಿಸಲಿಲ್ಲ. ಹಗುರವಾಯಿತು ಎಂದಷ್ಟೇ ಅನ್ನಿಸಿತು.

ನಾನು ಬೈಕಿನ ಚಿತ್ರ ಬರೆದು ಅಡುಗೆಮನೆಯ ಫ್ರಿಜ್ಜಿನ ಮೇಲೆ ಅಂಟಿಸಿದ್ದೆ. ಅಮ್ಮ ಹುರುಳಿಕಾಯಿ ನಾರು ತೆಗೆಯುತ್ತ ಅದನ್ನು ನೋಡಿದಳು.

“ಚೆನ್ನಾಗಿದೆ. ಕೀಟ ಇದ್ದಂಗಿದೆ.”

“ಕೆಫೆ ರೇಸರ್ ಅಂತಾರೆ ಅಮ್ಮ.”

“ಏನಾದ್ರೂ ಅನ್ನಲಿ. ನಾನೆಲ್ಲಿ ಕೂತ್ಕೊಳ್ಲಿ?”

ನಾನು ನಕ್ಕೆ. ಅವಳು ನಗಲಿಲ್ಲ. ಅಪ್ಪ ಹೋದ ಮೇಲೆ ಅವಳು ಯಾವ ಬೈಕಿನ ಹಿಂದೆಯೂ ಕೂತವಳಲ್ಲ. ಮಂಡಿ ನೋವು, ಆಟೋ ಹತ್ತುವಾಗಲೇ ಒಂದು ದೇವರ ಹೆಸರು, ಇಳಿಯುವಾಗ ಇನ್ನೊಂದು. ಅದನ್ನು ನೆನಪಿಸಿದೆ.

“ಕೂತ್ಕೊಳ್ತೀನೋ ಬಿಡ್ತೀನೋ, ಅದು ನನ್ನಿಷ್ಟ. ಗಾಡಿ ನಂದು ಕಣೋ. ಕುಯ್ಯೋಕ್ ಮುಂಚೆ ಒಂದ್ ಮಾತು ಹೇಳ್ಬೇಕು, ಹೇಳ್ತೀನಿ.”

“ಈಗ್ಲೇ ಹೇಳು.”

“ಹುರುಳಿಕಾಯಿ ಇದೆ ಈಗ.”

ಅಲ್ಲಿಂದ ಎಲ್ಲ ನಿಂತಿತು. ನಿಂತಿತು ಎಂದರೆ ನಾನು ನಿಲ್ಲಲಿಲ್ಲ. ಕತ್ತರಿಸುವುದೊಂದನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ಮಾಡಿದೆ, ಮಾಡಿದ್ದನ್ನು ಮತ್ತೆ ಮಾಡಿದೆ. ಎಂಜಿನ್ ಇಳಿಸಿ, ರಿಪೇರಿ ಮಾಡಿ ಮತ್ತೆ ಕೂರಿಸಿದೆವು. ಹ್ಯಾಂಡಲ್ಲು ತಗ್ಗಿಸಿದೆವು. ಹ್ಯಾಂಡಲ್ಲಿನ ತುದಿಗಳಿಗೆ ಪುಟ್ಟ ದುಂಡು ಕನ್ನಡಿ ಕೂರಿಸಿ, ತೆಗೆದು, ಮತ್ತೆ ಕೂರಿಸಿದೆವು. ಟ್ಯಾಂಕಿನ ಬಣ್ಣ ಕೆರೆಯಲು ಕೂತೆ. ನನ್ನ ನೆನಪಿನಲ್ಲಿ ಆ ಬೈಕು ಸದಾ ಕೆಂಗಂದು. ಅಮ್ಮನನ್ನು ಕೇಳಿದರೆ ಕಪ್ಪು. ಕೆಂಗಂದಿನ ಕೆಳಗೆ ಸಿಕ್ಕಿದ್ದು ತಿಳಿನೀಲಿ. ಆ ನೀಲಿ ನಮ್ಮಿಬ್ಬರಿಗೂ ಗೊತ್ತಿಲ್ಲ. ಅಪ್ಪನಿಗಿಂತ ಮುಂಚೆ ಅದು ಯಾರದೋ ಆಗಿತ್ತೇ, ಅಥವಾ ಅಪ್ಪ ಒಂದು ವರ್ಷ ನೀಲಿ ಬೈಕಿನಲ್ಲಿ ಓಡಾಡಿದ್ದನ್ನು ಇಡೀ ಮನೆ ಮರೆತಿದೆಯೇ? ಇನ್ನಷ್ಟು ಕೆರೆದರೆ ತಗಡು ಬಂತು. ಕೆರೆಯುವುದನ್ನು ನಿಲ್ಲಿಸಿದೆ.

ಟ್ಯಾಂಕಿನ ಮೇಲ್ಭಾಗದಲ್ಲಿ ಸಣ್ಣ ಸಣ್ಣ ಗೀರುಗಳಿದ್ದವು. ಅವು ನನ್ನ ಚಿಕ್ಕಂದಿನ ಚಡ್ಡಿಯ ಬೆಲ್ಟಿನ ಬಕಲ್ಲಿನವೆಂದು ನಾನು ಗೆಳೆಯನಿಗೆ ಹೇಳಿದೆ. ಅವನು ಬೆರಳಾಡಿಸಿ ನೋಡಿ, “ನಿಮ್ಮಪ್ಪ ಟ್ಯಾಂಕ್ ಮೇಲೆ ಅಕ್ಕಿಮೂಟೆ ಇಟ್ಕೊಂಡು ಬಂದಿರ್ತಾರೆ ಬಿಡು,” ಎಂದ.

ಅವನು ಹಾಗೆಂದದ್ದು ನನಗೆ ಚುಚ್ಚಿತು. ಏಕೆಂದರೆ ಆ ಬೈಕಿನ ಕೆಲಸವೆಲ್ಲ ನಿಂತಿದ್ದೇ ಒಂದು ನೆನಪಿನ ಮೇಲೆ. ನಾನು ಟ್ಯಾಂಕಿನ ಮೇಲೆ ಕೂತಿದ್ದೇನೆ. ನನ್ನ ಎರಡೂ ಕಡೆ ಅಪ್ಪನ ತೋಳುಗಳು. ಅಪ್ಪನ ಹಿಂದೆ, ಎಡಕ್ಕೆ ಕಾಲು ಬಿಟ್ಟುಕೊಂಡು ಅಮ್ಮ. ಹಬ್ಬದ ಊಟಕ್ಕೆ ಕೆಂಗೇರಿಯ ದೊಡ್ಡಮ್ಮನ ಮನೆಗೆ ಹೊರಟಿದ್ದೇವೆ. ಮೈಸೂರು ರಸ್ತೆಯ ಎರಡೂ ಬದಿಯ ಮರಗಳು ನಮ್ಮ ಮೇಲೆ ಬಾಗಿವೆ. ಅಮ್ಮ ಏನೋ ಗುನುಗುತ್ತಿದ್ದಾಳೆ. ಅವಳ ಬಳೆಯ ಕೈ ಅಪ್ಪನ ಭುಜದ ಮೇಲಿದೆ. ಇದಕ್ಕೇ ಅಂಟಿಕೊಂಡು ಇನ್ನೊಂದು ಚೂರು: ಪೆಟ್ರೋಲ್ ಬಂಕು, ಬಿಸಿಲು, ಅಪ್ಪ ಒಂದು ಕೈಯಲ್ಲಿ ಟ್ಯಾಂಕಿನ ಮುಚ್ಚಳ, ಇನ್ನೊಂದು ಕೈಯಲ್ಲಿ ಅಮ್ಮನ ಸೆರಗಿನ ತುದಿ ಹಿಡಿದು ನಿಂತಿದ್ದಾನೆ. ಅಪ್ಪ ಮಾತಿನಲ್ಲಿ ಅಕ್ಕರೆ ತೋರಿಸಿದವನಲ್ಲ. ಆ ಸೆರಗಿನ ತುದಿಯೇ ನನಗೆ ಸಾಕ್ಷಿ. ಅವರಿಬ್ಬರ ನಡುವೆ ಏನಿತ್ತು ಎಂದು ಯಾರಾದರೂ ಕೇಳಿದ್ದರೆ ಅದನ್ನೇ ತೋರಿಸುತ್ತಿದ್ದೆ.

ಹಬ್ಬಕ್ಕೆ ಇನ್ನು ಕೆಲವೇ ದಿನಗಳಿರುವಾಗ, ಒಂದು ಬೆಳಗ್ಗೆ ಅಮ್ಮ ಹೇಳದೆ ಕೇಳದೆ ಆಟೋದಲ್ಲಿ ಶೆಡ್ಡಿಗೇ ಬಂದಳು. ಗೆಳೆಯ ಕುರ್ಚಿ ಒರೆಸಿಕೊಟ್ಟ. ಅವಳು ಕೂರಲಿಲ್ಲ. ಬೈಕಿನ ಸುತ್ತ ಒಂದು ಸುತ್ತು ಬಂದು, ಸೀಮೆಸುಣ್ಣದ ಗೆರೆಯ ಹತ್ತಿರ ನಿಂತಳು.

“ಇಲ್ಲಿಂದ ಹೋಗುತ್ತಾ?”

“ಹೂಂ ಆಂಟಿ,” ಎಂದ ಗೆಳೆಯ. “ನಿಮ್ಮ ಮಗ ಬಿಟ್ರೆ.”

“ಅಂದ್ರೆ ಪೂರ್ತಿ ನನ್ ಜಾಗ.”

ನಾನು ಸುಮ್ಮನಿರಲಾರದೆ ಮಾತಿಗೆ ಮಾತು ಸೇರಿಸಿದೆ. ಬೇಡವೆಂದರೆ ಕತ್ತರಿಸುವುದಿಲ್ಲ, ಉದ್ದದ ಸೀಟೇ ಹಾಕೋಣ, ಹಿಂದೆ ಬಿಚ್ಚಿ ಹಾಕುವಂಥ ಗೂನು ಮಾಡಿಸೋಣ, ನಾವು ಮೂವರೂ ಕೆಂಗೇರಿಗೆ ಹೋಗುತ್ತಿದ್ದುದು ನನಗೆ ನೆನಪಿದೆ, ಆ ದೊಡ್ಡಮ್ಮನ ಮನೆಯ ಹಬ್ಬ, ಮರಗಳು, ನೀನು ಹಿಂದೆ ಕೂತು ಗುನುಗುತ್ತಿದ್ದೆಯಲ್ಲ...

“ಯಾವ ಹಬ್ಬ?”

“ಒಬ್ಬಟ್ಟು ಮಾಡಿದ್ರಲ್ಲ. ನಾನು ಟ್ಯಾಂಕ್ ಮೇಲೆ ಕೂತಿದ್ದೆ.”

“ಅವತ್ತಾ?” ಅಮ್ಮ ಈಗ ಕುರ್ಚಿಯಲ್ಲಿ ಕೂತಳು. “ಅವತ್ತು ನಾನು ಹಿಂದೆ ಇರ್ಲೇ ಇಲ್ಲ ಕಣೋ. ನನ್ನ ಬಂಕಲ್ಲಿ ಬಿಟ್ಟು ಹೋಗಿದ್ರಿ ಅಪ್ಪ ಮಗ ಇಬ್ರೂ.”

ಗೆಳೆಯ ಗ್ರೈಂಡರಿನ ವೈರು ಸುತ್ತುವುದನ್ನು ನಿಲ್ಲಿಸಿದ.

ಆ ಬೈಕಿಗೆ ಪೆಟ್ರೋಲ್ ಹಾಕಿಸುವುದೇ ಒಂದು ಕೆಲಸ. ಎಲ್ಲರೂ ಇಳಿಯಬೇಕು. ಪೆಟ್ರೋಲ್ ತುಂಬಿ, ಮೇಲೆ ಆಯಿಲ್ ಸುರಿದು, ಎರಡೂ ಬೆರೆಯಲೆಂದು ಗಾಡಿಯನ್ನು ಎಡಕ್ಕೂ ಬಲಕ್ಕೂ ಚೆನ್ನಾಗಿ ಕುಲುಕಬೇಕು. ಆಮೇಲೆ ಕಿಕ್ ಹೊಡೆದರೆ ಹೊಗೆ, ಸದ್ದು. ಆ ದಿನ ಅಪ್ಪ ಕುಲುಕುವಷ್ಟು ಹೊತ್ತು ಅಮ್ಮ ನನ್ನನ್ನು ಎತ್ತಿಕೊಂಡಿದ್ದಳಂತೆ.

“ನೀನು ನನ್ ಹೆಗಲ ಮೇಲೇ ನಿದ್ದೆ ಹೋಗ್ಬಿಟ್ಟಿದ್ದೆ. ಹಂಗೇ ತಗೊಂಡು ಟ್ಯಾಂಕ್ ಮೇಲೆ ಕೂರಿಸ್ದೆ. ಟ್ಯಾಂಕಿಗೆ ಕೆನ್ನೆ ಒತ್ಕೊಂಡು ಮಲಗ್ದೆ. ನೆರಿಗೆ ಸರಿ ಮಾಡ್ಕೊಳೋಣ ಅಂತ ಈ ಕಡೆ ತಿರುಗ್ದೆ. ತಿರುಗಿ ನೋಡ್ತೀನಿ, ಗಾಡಿ ರೋಡಲ್ಲಿದೆ.”

“ಕೂಗ್ಲಿಲ್ವಾ ಆಂಟಿ?”

“ಆ ಗಾಡಿ ಸದ್ದಲ್ಲಿ? ದೇವ್ರು ಕೂಗಿದ್ರೂ ಇವ್ರಪ್ಪಂಗೆ ಕೇಳ್ತಿರ್ಲಿಲ್ಲ. ಸೀದಾ ಕೆಂಗೇರಿಗೆ ಹೋಗಿದಾರೆ. ನಮ್ಮಕ್ಕ ಬಾಗ್ಲಲ್ಲಿ ನಿಂತು, ‘ಅವಳೆಲ್ಲಿ?’ ಅಂದ್ಳಂತೆ. ಆಗ ತಿರುಗಿ ನೋಡಿದ್ದು!”

ಗೆಳೆಯ ನಗಲು ಶುರು ಮಾಡಿ, ನನ್ನನ್ನು ನೋಡಿ, ತಡೆಯಲಾರದೆ ಪೂರ್ತಿ ನಕ್ಕುಬಿಟ್ಟ. ಅಮ್ಮನೂ ನಕ್ಕಳು. ನಾನೂ ನಕ್ಕಿರಬೇಕು. ಒಳಗೆ ಮಾತ್ರ ಮರಗಳು ಒಂದೊಂದಾಗಿ ಹೋಗುತ್ತಿದ್ದವು. ಟ್ಯಾಂಕಿಗೆ ಕೆನ್ನೆಯೊತ್ತಿ ನಿದ್ದೆ ಮಾಡುತ್ತಿದ್ದವನು ಮರಗಳನ್ನು ಎಲ್ಲಿ ನೋಡಿದ? ಗುನುಗಿದ್ದು ಎಂಜಿನ್ನೇ? ಬಳೆಯ ಕೈ ಯಾವ ದಿನದ್ದು, ಯಾವ ಬಸ್ಸಿನದು?

“ಮತ್ತೆ ಸೆರಗು?” ಎಂದೆ. “ಬಂಕಲ್ಲಿ ಅಪ್ಪ ನಿನ್ನ ಸೆರಗು ಹಿಡ್ಕೊಂಡು ನಿಲ್ತಿದ್ದಿದ್ದು? ಅದಾದ್ರೂ ನಿಜಾನಾ?”

“ಅದು ನಿಜ. ಅವತ್ತಿಂದ ಶುರುವಾಗಿದ್ದು. ಮತ್ತೆ ಬಿಟ್ಟು ಹೋಗ್ಬಾರ್ದಲ್ಲ ಅಂತ. ಎಷ್ಟು ಹೇಳಿದ್ರೂ ಬಿಡ್ತಿರ್ಲಿಲ್ಲ. ಬಂಕಿನೋರೆಲ್ಲ ನಗೋರು. ನನಗಂತೂ ನಾಚಿಕೆ ಆಗೋದು, ಹಸು ಕಟ್ಕೊಂಡಂಗೆ!”

ಅದು ಅಕ್ಕರೆಯೋ, ಭಯವೋ, ಬರಿಯ ಮುಂಜಾಗ್ರತೆಯೋ? ಕೇಳಬಹುದಿತ್ತು. ಅವಳ ಉತ್ತರವೂ ಅವಳದೊಂದು ಕತೆಯಾಗುತ್ತಿತ್ತು ಅಷ್ಟೇ. ಅದಕ್ಕೆ ಬೇರೆಯದು ಕೇಳಿದೆ. ಅಪ್ಪ ತಿರುಗಿ ಬರುವವರೆಗೆ ಏನು ಮಾಡಿದೆ?

ಅಮ್ಮ ಕೈಚೀಲದ ಹಿಡಿಯನ್ನು ಬೆರಳಿಗೆ ಸುತ್ತಿದಳು.

“ಗಾಳಿ ಹಾಕೋ ಮಿಶನ್ ಹತ್ರ ನಿಂತಿದ್ದೆ. ಭಯ ಆಯ್ತು. ಗಾಡಿ ಸದ್ದು ದೂರ ಹೋಗ್ತಾ ಹೋಗ್ತಾ ನಿಂತೇ ಹೋಯ್ತು. ಆಮೇಲೆ ಏನೋ... ಭಯಾನೂ ಹೋಯ್ತು. ಎದುರುಗಡೆ ಒಂದು ಹೋಟ್ಲಿತ್ತು. ರೋಡ್ ದಾಟ್ಕೊಂಡು ಹೋಗಿ ಒಳಗೆ ಕೂತ್ಕೊಂಡೆ. ಒಂದು ಕಾಫಿ ಅಂದೆ.”

“ಒಬ್ಳೇನಾ?”

“ಮಾಣಿನೂ ಹಂಗೇ ಕೇಳ್ದ. ಹೂಂ, ಒಬ್ಳೇ ಅಂದೆ. ಸೆರಗಿನ ಗಂಟಲ್ಲಿ ಚಿಲ್ರೆ ಇತ್ತು. ಅಷ್ಟು ಹೊತ್ತೂ ಯಾರೂ ಬಂದು ಅದೆಲ್ಲಿ ಇದೆಲ್ಲಿ ಅಂತ ಕೇಳ್ಲಿಲ್ಲ. ಕಾಫಿ ಬಿಸಿ ಇತ್ತು. ನಿಧಾನಕ್ಕೆ ಕುಡ್ದೆ. ಅಷ್ಟೇ ಕಣೋ.”

“ಆಮೇಲೆ?”

“ಆಮೇಲೆ ನಿಮ್ಮಪ್ಪ ಬಂದ್ರು. ಬಂದೋರೇ ನನಗೇ ಬೈದ್ರು, ‘ಇಳ್ದೋಳು ಹತ್ಕೊಂಡ್ಯಾ ಇಲ್ವಾ ಹೇಳೋಕಾಗಲ್ವಾ’ ಅಂತ. ದೊಡ್ಡಮ್ಮನ ಮನೇಲಿ ಪಂಚರ್ ಆಯ್ತು ಅಂತ ಹೇಳೋಣ ಅಂದ್ರು. ಅವ್ಳು ಕಣ್ಣಾರೆ ನೋಡಿದಾಳೆ, ಯಾರಿಗ್ರೀ ಹೇಳ್ತೀರಾ ಅಂದೆ.”

ಗೆಳೆಯ ಟೀ ತರಿಸಿದ. ಅಮ್ಮ ಒಂದು ಗುಟುಕು ಕುಡಿದು, ಮುಖ ಸಿಂಡರಿಸಿ, ಲೋಟ ಕೆಳಗಿಟ್ಟು, ಅಷ್ಟು ದಿನ ತಡೆದಿಟ್ಟಿದ್ದ ಮಾತನ್ನು ಹೇಳಿದಳು.

“ಕುಯ್ಸೋಕ್ ಮುಂಚೆ ಒಂದ್ಸಲ ನನ್ನ ಆ ಬಂಕಿಗೆ ಕರ್ಕೊಂಡು ಹೋಗು. ಅಲ್ಲಿ ಇಳಿಸಿ ಹೋಗು.”

“ಇಳಿಸಿ ಹೋಗೋದಾ?”

“ಹೂಂ. ಈ ಸಲ ಹೇಳಿ ಹೋಗು.”

ಹಳೆಯ ಉದ್ದ ಸೀಟನ್ನು ಮತ್ತೆ ಕೂರಿಸಿದೆವು. ಗೋಡೆಯ ಮೊಳೆಯಿಂದ ಸಾರಿ ಗಾರ್ಡುಗಳನ್ನು ಇಳಿಸಿದಾಗ ಎಲ್ಲವೂ ಒಂದೇ ಥರ ಕಂಡವು. ತುಕ್ಕು ಕೂಡ ಒಂದೇ ಥರ. ಗೆಳೆಯ ಒಂದನ್ನು ಎತ್ತಿ ಬೋಲ್ಟಿನ ತೂತಿಗೆ ಹಿಡಿದು, “ಇದೇ ನಿಂದು ಅನ್ಸುತ್ತೆ,” ಎಂದ. ಸ್ವಲ್ಪ ಬಗ್ಗಿಸಿದ ಮೇಲೆ ಹತ್ತಿತು. ನಮ್ಮದಾಗಿದ್ದರೆ ಬಗ್ಗಿಸಬೇಕಿತ್ತೇ ಎಂದು ನಾನು ಕೇಳಲಿಲ್ಲ.

ಮರುದಿನ ಬೆಳಗ್ಗೆ ಅಮ್ಮ ಮನೆಯ ಗೇಟಿನ ಬಳಿ ಇಸ್ತ್ರಿ ಮಾಡಿದ ಸೀರೆಯುಟ್ಟು, ತಲೆಗೆ ಹೆಲ್ಮೆಟ್ಟು ಹಾಕಿಕೊಂಡು ನಿಂತಿದ್ದಳು. ಮುಡಿದ ಮಲ್ಲಿಗೆ ಹೆಲ್ಮೆಟ್ಟಿನೊಳಗೆ ಸಿಕ್ಕಿಕೊಂಡಿತ್ತು. ಕಾಂಪೌಂಡಿನ ಕಟ್ಟೆ ಹಿಡಿದು, ಕಲ್ಲಿನ ಮೇಲೆ ಕಾಲಿಟ್ಟು, ಎಡಕ್ಕೆ ಕಾಲು ಬಿಟ್ಟು ಕೂತಳು. ದೇವರ ಹೆಸರು ಹೇಳಿದಳೋ ಇಲ್ಲವೋ, ಸದ್ದಿನಲ್ಲಿ ಕೇಳಲಿಲ್ಲ. ನಾನು ತಗ್ಗಿದ ಹ್ಯಾಂಡಲ್ಲಿಗೆ ಬಾಗಿದೆ.

“ಏನೋ ಇದು, ಯಾರ್ದೋ ಪಾದಕ್ಕೆ ಬಿದ್ದಂಗೆ ಕೂತಿದೀಯ? ನಾನು ಎಲ್ಲಿ ಹಿಡ್ಕೊಳ್ಲಿ? ಭುಜಾನೇ ಇಲ್ಲ!”

“ಬೆಲ್ಟ್ ಹಿಡ್ಕೋ.”

“ಬೆಲ್ಟ್ ಹಿಡ್ಕೊಂಡು ಹೋಗೋಕೆ ನೀನೇನು ಕಳ್ಳನಾ?” ಎಂದಳು. ಬೆಲ್ಟು ಹಿಡಿದುಕೊಂಡಳು.

ನಾಯಂಡಹಳ್ಳಿ ದಾಟುವವರೆಗೂ ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ತೆವಳಿದೆವು. ಹೊಗೆ ನೋಡಿ ಹಿಂದಿನ ಕಾರಿನವನು ಹಾರ್ನ್ ಹೊಡೆದ. ತಲೆಯ ಮೇಲೆ ಮೆಟ್ರೋ ದಾರಿ, ಕಂಬದ ಹಿಂದೆ ಕಂಬ. ರಾಜರಾಜೇಶ್ವರಿನಗರದ ಕಮಾನು ದಾಟಿದ ಮೇಲೆ ಸ್ವಲ್ಪ ವೇಗ ಸಿಕ್ಕಿತು. ಅಮ್ಮ ಗುನುಗುತ್ತಾಳೇನೋ ಎಂದು ಕಿವಿಗೊಟ್ಟೆ. ಎರಡು ಸೈಲೆನ್ಸರಿನ ನಡುವೆ ಯಾವ ಗುನುಗು ಕೇಳೀತು? ಆಗಲೂ ಕೇಳಿರಲಾರದು. ಇಷ್ಟು ಸರಳವಾದದ್ದು ಇಷ್ಟು ವರ್ಷ ಹೊಳೆದಿರಲಿಲ್ಲ.

ಜ್ಞಾನಭಾರತಿಯ ಹತ್ತಿರ ಅವಳು ಬೆಲ್ಟು ಎಳೆದಳು. ಬಂಕು ಅಲ್ಲೇ ಇತ್ತು. ಅದೇ ಬಂಕೋ, ಆ ಜಾಗದಲ್ಲಿ ಬಂದ ಇನ್ನೊಂದೋ. ಅವಳು, “ಇದೇ,” ಎಂದಳು. ಒಂದು ಕ್ಷಣದ ಮೇಲೆ, “ಇದೇ ಇರ್ಬೇಕು,” ಎಂದಳು. ಎದುರಿಗೆ ಹೋಟೆಲು ಇರಲಿಲ್ಲ. ಮೊಬೈಲ್ ಅಂಗಡಿಯೊಂದರ ಪಕ್ಕ, ನಿಂತು ತಿನ್ನುವ ದರ್ಶಿನಿಯೊಂದಿತ್ತು.

ಅಮ್ಮ ನನ್ನ ಬೆನ್ನು ಹಿಡಿದು ಇಳಿದಳು. ಪೆಟ್ರೋಲ್ ಹಾಕಿಸಿದೆ. ಮನೆಯಿಂದ ಸೀಸೆಯಲ್ಲಿ ತಂದಿದ್ದ ಆಯಿಲ್ ಸುರಿದೆ. ಬಂಕಿನ ಹುಡುಗಿಗೆ ನಗು. “ಏನ್ ಅಣ್ಣ, ಪಾಯಸಕ್ಕೆ ತುಪ್ಪ ಹಾಕ್ದಂಗೆ ಹಾಕ್ತಿದೀರ!” ಗಾಡಿಯನ್ನು ಎಡಕ್ಕೂ ಬಲಕ್ಕೂ ಕುಲುಕಿದೆ. ಹಾಗೆ ಕುಲುಕುವಾಗ ನನ್ನ ಎಡಗೈ ತಾನಾಗಿ ಪಕ್ಕಕ್ಕೆ ಹೋಯಿತು, ಅಮ್ಮನ ಸೆರಗಿನ ಕಡೆಗೆ. ಅವಳು ನೋಡಿದಳು. ಕೈಯನ್ನು ತಂದು ಟ್ಯಾಂಕಿನ ಮುಚ್ಚಳದ ಮೇಲಿಟ್ಟೆ.

“ಹೇಳು,” ಎಂದಳು.

“ಹೋಗ್ತೀನಿ ಅಮ್ಮ.”

“ಎಲ್ಲೀ ತನಕ?”

“ಕೆಂಗೇರಿ ತನಕ.”

“ಹೋಗ್ಬಿಟ್ಟು ಬಾ. ನಿಧಾನಕ್ಕೆ ಏನ್ ಬೇಡ. ಸದ್ದು ಕೇಳ್ಬೇಕು ನನಗೆ.”

ಕಿಕ್ ಹೊಡೆದೆ. ರಸ್ತೆಗಿಳಿದ ಮೇಲೆ ಹ್ಯಾಂಡಲ್ಲಿನ ತುದಿಯ ಕನ್ನಡಿಯಲ್ಲಿ ನೋಡಿದೆ. ಬೈಕು ಅದುರುತ್ತಿತ್ತು, ಕನ್ನಡಿಯೂ ಅದುರುತ್ತಿತ್ತು. ಒಂದು ಬಣ್ಣದ ಚುಕ್ಕೆ ಎರಡಾಗಿ, ಮೂರಾಗಿ, ಮತ್ತೆ ಒಂದಾಯಿತು. ಅವಳು ನನ್ನನ್ನು ನೋಡುತ್ತ ನಿಂತಿದ್ದಳೋ, ಆಗಲೇ ರಸ್ತೆ ದಾಟಲು ತಿರುಗಿದ್ದಳೋ, ಗೊತ್ತಾಗಲಿಲ್ಲ. ತಿರುಗಿ ನೋಡಿದ್ದರೆ ಗೊತ್ತಾಗುತ್ತಿತ್ತು. ಲಾರಿಯೊಂದು ಪಕ್ಕಕ್ಕೆ ಬಂತು. ತಿರುಗಲಿಲ್ಲ.

ಹಿಂದೆ ಭಾರವಿಲ್ಲದ ಬೈಕು ಬೇರೆಯೇ ಪ್ರಾಣಿ. ಮುಂದಿನ ಚಕ್ರ ಹಗುರವಾಗುತ್ತದೆ, ಎಂಜಿನ್ ದನಿ ಒಂದು ಮೆಟ್ಟಿಲು ಮೇಲೇರುತ್ತದೆ. ಮೊದಲ ಬಾರಿಗೆ ಅದು ಓಡಿತು. ಹೊಟ್ಟೆ ಟ್ಯಾಂಕಿಗೆ ತಾಗಿತು. ನನಗೆ ಬೇಕಾಗಿದ್ದು ಇದೇ, ತಿಂಗಳುಗಟ್ಟಲೆ ಚಿತ್ರ ಬರೆದದ್ದು ಇದಕ್ಕೇ. ಸಂತೋಷವಾಯಿತೇ? ಆಯಿತು. ಹತ್ತು ಕಂಬ ದಾಟುವಷ್ಟರಲ್ಲಿ ಅಪ್ಪನ ಯೋಚನೆ ಬಂತು. ಈ ಹಗುರ ಅವನ ಸೊಂಟಕ್ಕೂ, ಅಂಗೈಗೂ ತಿಳಿದೇ ಇರಬೇಕು. ಇಷ್ಟು ಬೇರೆಯಾಗಿ ಓಡುವ ಗಾಡಿಯ ಮೇಲೆ ಕೂತವನಿಗೆ ಹಿಂದೆ ಯಾರೂ ಇಲ್ಲವೆಂದು ಕೆಂಗೇರಿಯವರೆಗೂ ಗೊತ್ತಾಗದೆ ಇರುತ್ತದೆಯೇ? ಗೊತ್ತಾಗಿತ್ತೇ? ಗೊತ್ತಾಗಿಯೂ ಒಂದಷ್ಟು ದೂರ ಹಾಗೇ ಓಡಿಸಿದನೇ? ಇದನ್ನು ಕೇಳಲು ಈಗ ಯಾರೂ ಇಲ್ಲ. ನಾನೇ ಒಂದು ಉತ್ತರ ಕಟ್ಟಿದರೆ ಅದೂ ಚೆಂದವಾಗಿ ಕೂರುತ್ತದೆ, ನೇರ ಗೆರೆಯ ಹಾಗೆ. ಕಟ್ಟುವುದಿಲ್ಲ. ಕೆಂಗೇರಿ ಬಸ್ ನಿಲ್ದಾಣದ ಬಳಿ ಗಾಡಿ ತಿರುಗಿಸಿದೆ.

ಬಂಕಿನಲ್ಲಿ ಗಾಳಿ ಹಾಕುವ ಮಿಶನ್ನಿನ ಹತ್ತಿರ ಅಮ್ಮ ಇರಲಿಲ್ಲ. ಬಂಕಿನ ಒಳಗೆಲ್ಲ ಕಣ್ಣಾಡಿಸಿದೆ. ಆಮೇಲೆ ರಸ್ತೆಯಾಚೆ ನೋಡಿದೆ. ದರ್ಶಿನಿಯ ಎತ್ತರದ ಸ್ಟೀಲ್ ಮೇಜಿಗೆ ಮೊಣಕೈಯೂರಿ, ಹೆಲ್ಮೆಟ್ಟನ್ನು ಮೇಜಿನ ಮೇಲಿಟ್ಟು, ಕಾಫಿ ಕುಡಿಯುತ್ತಿದ್ದಳು. ನಾನು ಬೈಕು ನಿಲ್ಲಿಸಿ ಹತ್ತಿರ ಹೋದರೂ ಲೋಟ ಕೆಳಗಿಡಲಿಲ್ಲ. ಮೇಜಿನ ಮೇಲೆ ಒಂದೇ ಲೋಟ.

“ನನಗೆ?”

“ನೀನೇ ತಗೋ. ಅಲ್ಲಿ ಕೂಪನ್ ಕೊಡ್ತಾರೆ.”

“ಹೆಂಗಿದೆ ಕಾಫಿ?”

“ನೀರು. ಅವತ್ತಿಂದೂ ನೀರೇ ಇತ್ತೇನೋ, ಯಾರಿಗ್ ಗೊತ್ತು.” ಕೊನೆಯ ಗುಟುಕು ಕುಡಿದು ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು. “ಸದ್ದು ಮಾತ್ರ ಹಂಗೇ ಹೋಯ್ತು. ದೂರ ಹೋಗಿ ನಿಂತೇ ಹೋಯ್ತು. ಈ ಸಲ ಭಯ ಆಗ್ಲಿಲ್ಲ.”

ನಾನು ಬೈಕಿನ ಕಡೆ ಹೆಜ್ಜೆ ಹಾಕಿದೆ. ಅವಳು ಬರಲಿಲ್ಲ. ಹೆಲ್ಮೆಟ್ಟನ್ನು ನನ್ನ ಕೈಗೆ ಕೊಟ್ಟು ಮೆಟ್ರೋ ನಿಲ್ದಾಣ ತೋರಿಸಿದಳು.

“ನಾನು ಅದ್ರಲ್ಲಿ ಹೋಗ್ತೀನಿ. ವಿಜಯನಗರದಲ್ಲಿ ಇಳ್ಕೊಂಡ್ರೆ ಆಯ್ತು. ಲಿಫ್ಟ್ ಇದೆ.”

“ಅಮ್ಮ, ಬಾ, ಕೂತ್ಕೋ. ಈಗ ತಾನೇ ಬಂದ್ಯಲ್ಲ.”

“ಬೇಡ ಕಣೋ. ಆ ಸೀಟು ನನಗೆ ಯಾವತ್ತೂ ಸೇರ್ತಿರ್ಲಿಲ್ಲ. ಬೆನ್ನು ಬಿಟ್ರೆ ಏನೂ ಕಾಣಲ್ಲ.” ಹೊರಟವಳು ತಿರುಗಿದಳು. “ಕುಯ್ಸು. ಹಬ್ಬದೊಳಗೆ ಕುಯ್ಸು. ಅರ್ಧಂಬರ್ಧ ಗಾಡಿಗೆ ಕುಂಕುಮ ಇಡಲ್ಲ ನಾನು.”

ಅವಳ ಸೀರೆಯ ಹಿಂಬದಿಯಲ್ಲಿ ಬಿಳಿಯ ಗೀಟೊಂದಿತ್ತು. ಕರೆದು ಹೇಳೋಣವೆನ್ನುವಷ್ಟರಲ್ಲಿ ಮೆಟ್ಟಿಲ ಬಳಿ ಜನರ ನಡುವೆ ಸೇರಿಹೋದಳು.

ಮನೆಗೆ ಹೋಗಲಿಲ್ಲ. ಸೀದಾ ಕಾಮಾಕ್ಷಿಪಾಳ್ಯಕ್ಕೆ ಓಡಿಸಿದೆ. ನಾಯಂಡಹಳ್ಳಿಯ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ತಲೆಯ ಮೇಲೆ ರೈಲೊಂದು ಹೋಯಿತು. ಕಿಟಕಿಗಳಲ್ಲಿ ಆಕಾಶವಷ್ಟೇ ಕಂಡಿತು. ಅಮ್ಮ ಹತ್ತಿದ ರೈಲೇ ಅದೋ, ಮುಂದಿನದೋ.

ಶೆಡ್ಡಿನಲ್ಲಿ ಸೀಟು ಬಿಚ್ಚಿದೆವು, ಸಾರಿ ಗಾರ್ಡು ಬಿಚ್ಚಿದೆವು. ಗೆಳೆಯ ಕನ್ನಡಕ ಹಾಕಿಕೊಂಡು ಬಾಗಿ, ಮತ್ತೆ ಎದ್ದು ನಿಂತ.

“ಗುರು, ಗೆರೆ ಇಲ್ಲ.”

ಚಾಸಿಯ ಎಡಗಡೆಯ ಪೈಪು ಸ್ವಚ್ಛವಾಗಿತ್ತು. ಅಮ್ಮನ ಸೀರೆ ಹೋಗುತ್ತ ಅದನ್ನು ಒರೆಸಿಕೊಂಡು ಹೋಗಿತ್ತು. ಬಲಗಡೆ ಮಸುಕಾಗಿ ಒಂದಷ್ಟು ಪುಡಿ, ಅದೂ ಗೆರೆಯಾಗಿ ಉಳಿದಿರಲಿಲ್ಲ. ಅವನು ಸೀಮೆಸುಣ್ಣದ ತುಂಡನ್ನು ನನ್ನ ಕೈಗೆ ಕೊಟ್ಟ. ನಾನು ಟ್ಯಾಂಕಿನಿಂದ ಹಿಂದಕ್ಕೆ ಕಣ್ಣು ಓಡಿಸಿ, ಪೈಪಿನ ಮೇಲೆ ಬೆರಳಿಟ್ಟು, ಸ್ವಲ್ಪ ಹಿಂದೆ ಸರಿಸಿ, ಮತ್ತೆ ಮುಂದೆ ತಂದೆ.

“ಇಲ್ಲೇ ಇತ್ತಾ?” ಎಂದ.

“ಇಲ್ಲೇ ಅಂತ ಅಂದ್ಕೋ.”

ಗೆರೆ ಎಳೆದೆ. ಅವನು ಒಮ್ಮೆ ನೋಡಿ, ತಲೆಯಾಡಿಸಿ, “ಈಗಾದ್ರೂ ತಡಿ ಅನ್ಬೇಡ ಮಗಾ,” ಎಂದ. ಅನ್ನಲಿಲ್ಲ. ಗ್ರೈಂಡರ್ ಕೂಗಲು ಶುರುಮಾಡಿತು. ಕಿಡಿಗಳು ನನ್ನ ಚಪ್ಪಲಿಯವರೆಗೆ ಬಂದವು, ಹಿಂದೆ ಸರಿದು ನಿಂತೆ.